ದೊರೆಸಾನಿ ಕಾವಿಗೆ ಕೂತದ್ದು

ಕನ್ನಡಕದಯ್ಯನವರಿಗೆ ಆ ದಿನ ಮೊದಲು ಕೋಪ ಬಂದದ್ದು ಕೋಳಿಯ ಮೇಲೆ. ಆಮೇಲೆ ಹೆಂಡತಿಯ ಮೇಲೆ. ತಿಂಡಿ ಮುಗಿಯುವಷ್ಟರಲ್ಲಿ ಅದು ಗೋಡೆ ಹಾರಿ ಪಕ್ಕದ ಮನೆಗೂ ಹೋಗಿತ್ತು. ಅಂಗಡಿಯ ಬಾಗಿಲು ತೆಗೆಯುವ ಹೊತ್ತಿಗೆ ಅವರ ಕೋಪಕ್ಕೆ ಪಾತ್ರವಾಗದ ಪ್ರಾಣಿ ಈ ಲೋಕದಲ್ಲಿ ಒಂದೂ ಉಳಿದಿರಲಿಲ್ಲ.

ಬೀದಿಯ ಮೂಲೆಯಲ್ಲಿ ಅವರ ಕನ್ನಡಕದ ಅಂಗಡಿ. ಆ ಬೀದಿಯಲ್ಲಿ ಮೂಗಿನ ಮೇಲೆ ಗಾಜು ಹೊತ್ತವರೆಲ್ಲ ಅವರ ಗಿರಾಕಿಗಳೇ. ಹಾಗಾಗಿ ಬೀದಿಯವರು ಏನನ್ನೇ ನೋಡಲಿ, ಅದು ತಮ್ಮ ಕೃಪೆಯಿಂದಲೇ ನೋಡಿದ್ದು ಎಂದು ಅಯ್ಯನವರ ನಂಬಿಕೆ. ತಾವು ಮಾತ್ರ ಕನ್ನಡಕ ಹಾಕುತ್ತಿರಲಿಲ್ಲ. ಐವತ್ತು ದಾಟಿ ಎಷ್ಟೋ ಕಾಲವಾಗಿದ್ದರೂ ಪೇಪರನ್ನು ಕೈ ಚಾಚುವಷ್ಟು ದೂರ ಹಿಡಿದು ಓದುತ್ತಿದ್ದರು. ಕೈಯ ಉದ್ದ ಸಾಲದೆ ಬಂದಾಗ ಈಗಿನ ಅಚ್ಚಿನವರಿಗೆ ಮರ್ಯಾದೆ ಇಲ್ಲ ಎಂದು ಬೈಯುತ್ತಿದ್ದರು.

ಹಿತ್ತಲಿನ ಕೋಳಿಗೂಡಿನಲ್ಲಿ ಮೂರು ಕೋಳಿಗಳಿದ್ದವು. ಅವುಗಳಲ್ಲಿ ಬೂದು ಬಣ್ಣದ, ಬಲು ಠೀವಿಯದಕ್ಕೆ ದೊರೆಸಾನಿ ಎಂದು ಹೆಸರು. ಅದು ಎರಡು ದಿನದಿಂದ ಹುಲ್ಲು ಹಾಕಿದ ಮೂಲೆ ಬಿಟ್ಟು ಏಳದೆ, ಗರಿ ಕೆದರಿಕೊಂಡು, ಇದ್ದದ್ದಕ್ಕಿಂತ ದುಪ್ಪಟ್ಟಾಗಿ ಕೂತಿತ್ತು. ಎಂದಿನಂತೆ ಮೊಟ್ಟೆಗೆಂದು ಕೈ ಹಾಕಿದ ಅಯ್ಯನವರಿಗೆ ಕೊಕ್ಕಿನಿಂದ ಸರಿಯಾಗಿ ಬಿತ್ತು.

"ಕುಕ್ಕಿತು ಕಣೇ! ನಾನು ಹಾಕಿದ ಕಾಳು ತಿಂದು ನನ್ನ ಕೈಗೇ ಕುಕ್ಕಿತು!"

"ಕಾವಿಗೆ ಬಂದಿದ್ದಾಳೆ ಕಣ್ರೀ," ಎಂದರು ಹೆಂಡತಿ, ಒಗೆದ ಬಟ್ಟೆ ಹಿಂಡುತ್ತ. "ಕುಕ್ಕದೆ ಮುದ್ದು ಮಾಡ್ತಾಳಾ? ಕೆಳಗಿಂದ ಗಾಳಿ ಆಡೋ ಹಾಗೆ ತಂತಿ ಬೋನಿಗೆ ಹಾಕಿ. ನಾಲ್ಕು ದಿನಕ್ಕೆ ಕಾವು ಇಳಿದು ಎದ್ದು ಓಡಾಡ್ತಾಳೆ."

"ಇಳಿಸೋದು ಯಾಕೆ? ಮೊಟ್ಟೆ ಇಟ್ಟು ಕೂರಿಸೋಣ. ಮರಿ ಮಾಡ್ಲಿ."

"ಮರಿ?" ಹೆಂಡತಿಯ ಕೈಯಲ್ಲಿದ್ದ ಬಟ್ಟೆಯಿಂದ ನೀರು ಸೋರುವುದೂ ನಿಂತಿತು. "ಮರಿ ಆಗೋಕೆ ಹುಂಜ ಎಲ್ಲಿದೆ?"

ಕೆಣಕಬಾರದ ಜಾಗ ಅದು. ಹುಂಜ ಇಲ್ಲದಿರುವುದಕ್ಕೆ ಅಯ್ಯನವರೇ ಕಾರಣ.

ಪಕ್ಕದ ಮನೆಯ ಬ್ಯಾಂಡ್ ಮಾಸ್ಟರ್ ಮದುವೆ ಆರತಕ್ಷತೆಗಳಲ್ಲಿ ತುತ್ತೂರಿ ಊದುವವನು. ಅವನ ಹತ್ತಿರ ಒಂದು ಕೆಂಪು ಹುಂಜವಿತ್ತು. ವಿದ್ವಾನ್ ಎಂದು ಅವನೇ ಇಟ್ಟ ಬಿರುದು. ಹಗಲೆಲ್ಲ ಅಯ್ಯನವರ ಹಿತ್ತಲಿಗೆ ಬಂದು ಕೋಳಿಗಳ ಜೊತೆ ಮೇಯುತ್ತಿದ್ದ ವಿದ್ವಾನ್, ಸಂಜೆಯಾದರೆ ಮನೆ ಸೇರುತ್ತಿತ್ತು. ತಕರಾರು ಇದ್ದದ್ದು ಮುಂಜಾನೆಯದು. ಬ್ಯಾಂಡ್ ಮಾಸ್ಟರ್ ಮಲಗುತ್ತಿದ್ದದ್ದು ತನ್ನ ಮನೆಯ ಹಿಂದಿನ ಕೋಣೆಯಲ್ಲಿ. ಹುಂಜವನ್ನು ಇಡುತ್ತಿದ್ದದ್ದು ಮುಂದಿನ ಓಣಿಯಲ್ಲಿ, ಸರಿಯಾಗಿ ಅಯ್ಯನವರ ಕಿಟಕಿಯ ಕೆಳಗೆ. ಬೆಳಕು ಹರಿಯುವ ಮುಂಚೆ ಅದು ಕೂಗಿದರೆ ಅಯ್ಯನವರು ಮಂಚದ ಮೇಲೆ ಎದ್ದು ಕೂರುತ್ತಿದ್ದರು. ಸಾಕಿದವನು ಮಾತ್ರ ಹಿಂದಿನ ಕೋಣೆಯಲ್ಲಿ ಹೊದ್ದು ಮಲಗಿರುತ್ತಿದ್ದ.

ಅಯ್ಯನವರು ಸುಮ್ಮನಿರುವ ಜಾತಿಯವರಲ್ಲ. ಬೀದಿಯ ತುದಿಯಲ್ಲೇ ಮನೆಯಿದ್ದ ಹೆಲ್ತ್ ಇನ್‌ಸ್ಪೆಕ್ಟರನ್ನು ಕರೆದುಕೊಂಡು ಬಂದು ಓಣಿಯಲ್ಲಿ ನಿಲ್ಲಿಸಿ, "ಬೆಳಗಿನ ನಿದ್ದೆ ಮನುಷ್ಯನ ಹಕ್ಕು ಸಾರ್!" ಎಂದು ಗುಡುಗಿದ್ದರು.

"ಅವನು ಸಾಧಕ ಮಾಡ್ತಾನೆ ಸಾರ್," ಎಂದು ಬ್ಯಾಂಡ್ ಮಾಸ್ಟರ್ ಬೇಡಿಕೊಂಡಿದ್ದ. "ಕಲೆ ಗೊತ್ತಿಲ್ಲದೋರಿಗೆ ಗಲಾಟೆ ಅನ್ಸತ್ತೆ. ಸೂರ್ಯ ಹುಟ್ಟೋದು ಅವನ ತಪ್ಪಾ?"

ಇನ್‌ಸ್ಪೆಕ್ಟರ್ ಹುಂಜವನ್ನೂ ಸೂರ್ಯನನ್ನೂ ತೂಗಿ ನೋಡಿ, ಸೂರ್ಯ ತಮ್ಮ ಅಧಿಕಾರಕ್ಕೆ ಬರುವುದಿಲ್ಲವಾದ್ದರಿಂದ ಹುಂಜವನ್ನು ಬೀದಿಯಿಂದ ಸಾಗಿಸಬೇಕೆಂದು ಹೇಳಿದ್ದರು. ವಿದ್ವಾನ್ ಊರಿನ ಆ ತುದಿಯಲ್ಲಿದ್ದ ಬ್ಯಾಂಡ್ ಮಾಸ್ಟರನ ತಂಗಿಯ ಮನೆ ಸೇರಿತ್ತು. ಅದು ಹೋಗಿ ತಿಂಗಳುಗಳೇ ಆಗಿದ್ದವು.

ಈಗ ಹೆಂಡತಿ ಹುಂಜ ಎಲ್ಲಿದೆ ಎಂದು ಕೇಳುತ್ತಿದ್ದಾಳೆ! ಅಂದರೆ ಆ ಕೂಗುಮಾರಿಯಿಂದ ಲೋಕಕ್ಕೆ ಏನೋ ಉಪಕಾರವಿತ್ತು ಎಂದು ಅರ್ಥ. ಅದನ್ನು ಒಪ್ಪಿಕೊಳ್ಳುವುದಕ್ಕಿಂತ ಅಯ್ಯನವರು ಪ್ರಕೃತಿಯ ನಿಯಮವನ್ನೇ ಒಪ್ಪದಿರಲು ತೀರ್ಮಾನಿಸಿದರು.

"ಹುಂಜ ಹೋದ ಮೇಲೆ ಮೊಟ್ಟೆ ನಿಂತಿದೆಯೇನೇ?"

"ಇಲ್ಲ."

"ಹಾಂ! ಮೊಟ್ಟೆಗೆ ಬೇಡದ ಹುಂಜ ಮರಿಗೆ ಯಾಕೆ ಬೇಕು? ಮೊಟ್ಟೆ ಇಡೋಳು ಕೋಳಿ. ಕಾವು ಕೊಡೋಳು ಕೋಳಿ. ಅವನೇನು ಮಾಡ್ತಿದ್ದ? ಗೋಡೆ ಮೇಲೆ ನಿಂತು ಹೆಸರು ತಗೋತಿದ್ದ, ಅಷ್ಟೇ!"

ಹೆಂಡತಿ ಏನೋ ಹೇಳಲು ಬಾಯಿ ತೆರೆದು, ಮದುವೆಯಾಗಿ ಎಷ್ಟು ವರ್ಷವಾಯಿತೆಂದು ನೆನಪಾಗಿ, ಬಟ್ಟೆ ಒಣಹಾಕಲು ಹೋದರು.

ಗೂಡಿನ ಮೇಲುಗಡೆಯೇ ಬ್ಯಾಂಡ್ ಮಾಸ್ಟರನ ಹಿಂದಿನ ಕೋಣೆಯ ಕಿಟಕಿ. ಅಲ್ಲಿ ಅವನು ಹೆಗಲ ಮೇಲೆ ಪಾಲಿಷ್ ಬಟ್ಟೆ ಹಾಕಿಕೊಂಡು, ತುತ್ತೂರಿ ಉಜ್ಜುತ್ತ, ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಆಗಲ್ಲ ಸಾರ್," ಎಂದ ಕಿಟಕಿಯಿಂದ. "ನಮ್ಮ ವಿದ್ವಾನ್ ಇಲ್ದೆ ನಿಮ್ಮ ಮೊಟ್ಟೆ ಮರಿ ಆಗಲ್ಲ."

ಅಯ್ಯನವರು ಕೆಂಡಾಮಂಡಲವಾದರು. "ನನ್ನ ಕೋಳಿಗೆ ನಿನ್ನ ಹುಂಜದ ಹಂಗು ಬೇಕಿಲ್ಲಯ್ಯ! ಕೇಳಿಸ್ಕೋ. ಈ ಮೊಟ್ಟೆ ಮರಿ ಆಗ್ಲಿಲ್ಲ ಅಂದ್ರೆ ಆ ನಿನ್ನ ವಿದ್ವಾನನನ್ನ ನಾನೇ ತಲೆ ಮೇಲೆ ಹೊತ್ಕೊಂಡು ಬಂದು, ಇದೇ ಗೂಡಲ್ಲಿ ಸಾಕ್ತೀನಿ!"

"ಇನ್‌ಸ್ಪೆಕ್ಟರ್ ಮುಂದೆ ಹೇಳ್ತೀರಾ?"

"ಇನ್‌ಸ್ಪೆಕ್ಟರ್ ಮುಂದೇನು, ಅವರಪ್ಪನ ಮುಂದೂ ಹೇಳ್ತೀನಿ!"

ಹೇಳಿಯೂ ಬಿಟ್ಟರು. ಸಂಜೆಯೊಳಗೆ ಇನ್‌ಸ್ಪೆಕ್ಟರಿಗೆ ಒಂದು ಜೊತೆ ಮರಿ, ಎದುರುಮನೆಯ ನಿವೃತ್ತ ಟೀಚರಮ್ಮನಿಗೆ ಒಂದು ಜೊತೆ ಮರಿ ಎಂದು ಮಾತು ಕೊಟ್ಟದ್ದೂ ಆಯಿತು. ಮೊಟ್ಟೆಗಳು ಇನ್ನೂ ಅಡಿಗೆಮನೆಯ ಬುಟ್ಟಿಯಲ್ಲೇ ಇದ್ದವು.

ಅವನ್ನು ದೊರೆಸಾನಿಯ ಹೊಟ್ಟೆಯ ಕೆಳಗೆ ಸೇರಿಸಿದ ಮೇಲೆ ಒಂದು ತೊಡಕು ಎದುರಾಯಿತು. ದೊರೆಸಾನಿ ನೀರು ಕುಡಿಯಲು ಎದ್ದರೆ ಸಾಕು, ಉಳಿದ ಎರಡು ಕೋಳಿಗಳು ನುಗ್ಗಿ, ಅದೇ ಜಾಗದಲ್ಲಿ ತಮ್ಮ ಮೊಟ್ಟೆಯನ್ನೂ ಇಟ್ಟು, ಏನೂ ಅರಿಯದವರಂತೆ ಹೊರಗೆ ಬರುತ್ತಿದ್ದವು. ಕಾವಿಗೆ ಇಟ್ಟದ್ದು ಯಾವುದು, ನಿನ್ನೆ ಮೊನ್ನೆಯದು ಯಾವುದು ಎಂದು ತಿಳಿಯುವಂತಿರಲಿಲ್ಲ.

ಗುರುತು ಹಾಕಬೇಕಿತ್ತು. ಅಂಗಡಿಯಲ್ಲಿ ಅದಕ್ಕೆಂದೇ ಒಂದು ಪೆನ್ನು ಇತ್ತು. ಚೌಕಟ್ಟಿಗೆ ಗಾಜು ಕೂರಿಸುವ ಮೊದಲು, ಕಣ್ಣಿನ ಪಾಪೆಗೆ ನೇರವಾಗಿ ಬರುವ ಕಡೆ ಒಂದು ಕಪ್ಪು ಚುಕ್ಕೆ ಇಡಬೇಕು. ಆ ಚುಕ್ಕೆ ಇಡುವ ಪೆನ್ನು ಅದು. ನೀರಿಗೆ ಹೋಗುವುದಿಲ್ಲ, ಸ್ಪಿರಿಟ್ ಹಾಕಿ ಒರೆಸಿದರೆ ಮಾತ್ರ ಹೋಗುತ್ತದೆ. ಅಯ್ಯನವರು ಯೌವನದಿಂದ ದಿನಾ ಇಡುತ್ತ ಬಂದ ಚುಕ್ಕೆ. ಇಡುವುದು ಕೈಗೆ ಗೊತ್ತಾಗುತ್ತಿತ್ತೇ ಹೊರತು ತಲೆಗೆ ತಿಳಿಯುತ್ತಲೇ ಇರಲಿಲ್ಲ. ಅಂದು ಬೆಳಗ್ಗೆಯೂ ಅವರು ಬೀದಿಯ ರಾಜಕೀಯದ ಮೇಲೆ ಅಡಿಗೆಮನೆಯಲ್ಲಿದ್ದ ಹೆಂಡತಿಗೆ ಕೇಳುವಂತೆ ಭಾಷಣ ಮಾಡುತ್ತಲೇ ಒಂದೊಂದು ಮೊಟ್ಟೆಯನ್ನೂ ಎತ್ತಿ, ನಟ್ಟನಡುವೆ ಕರಾರುವಾಕ್ಕಾಗಿ ಒಂದೊಂದು ಚುಕ್ಕೆ ಇಟ್ಟು, ಒಳಗೆ ತಳ್ಳಿದರು. ಭಾಷಣ ನೆನಪಿನಲ್ಲಿ ಉಳಿಯಿತು. ಚುಕ್ಕೆ ಉಳಿಯಲಿಲ್ಲ.

ಒಂದು ವಾರ ಕಳೆದಿರಬಹುದು. ಅಂಗಡಿಗೆ ಕಣ್ಣು ತೋರಿಸಲು ಬಂದ ಮೊಟ್ಟೆ ವ್ಯಾಪಾರಿಯೊಬ್ಬ, ಗೋಡೆಯ ಅಕ್ಷರ ಓದುವುದನ್ನು ಬಿಟ್ಟು ಅಯ್ಯನವರ ಕಥೆಯನ್ನೆಲ್ಲ ಕೇಳಿ, "ಕತ್ತಲಲ್ಲಿ ಬ್ಯಾಟರಿ ಬಿಟ್ಟು ನೋಡಿ ಸಾರ್. ಒಳಗೆ ಕಪ್ಪಗೆ ಚುಕ್ಕೆ ಕಂಡ್ರೆ ಮರಿ ಹಿಡಿದಿದೆ ಅಂತ. ಕಾಣಲಿಲ್ಲ ಅಂದ್ರೆ ಬರೀ ನೀರು," ಎಂದು ಹೇಳಿ ಹೋದ.

ಅಯ್ಯನವರಿಗೆ ಇದು ತಮ್ಮ ವೃತ್ತಿಗೇ ಬಂದ ಕರೆಯಂತೆ ಕಂಡಿತು. ಒಳಗಿರುವುದನ್ನು ಬೆಳಕು ಬಿಟ್ಟು ನೋಡುವುದು ಅವರ ಕೆಲಸವಲ್ಲದೆ ಇನ್ಯಾರ ಕೆಲಸ? ಭಾನುವಾರ ಮಧ್ಯಾಹ್ನವೇ ಇನ್‌ಸ್ಪೆಕ್ಟರನ್ನೂ ಟೀಚರಮ್ಮನನ್ನೂ ಕರೆಸಿ, ಸಾಮಾನು ಕೋಣೆಯ ಕಿಟಕಿಗೆ ಕಂಬಳಿ ಹೊದಿಸಿ, ಅಂಗಡಿಯ ಟಾರ್ಚನ್ನು ಹಿಡಿದು ನಿಂತರು. ಬ್ಯಾಂಡ್ ಮಾಸ್ಟರನೂ ಬಂದ. ಬಾಗಿಲಲ್ಲೇ ತಡೆದರು.

"ನೀನು ಎದುರುಪಕ್ಷ. ಹೊರಗಿರು."

ಹೆಂಡತಿ ತಾವಾಗಿಯೇ ಒಳಗೆ ಹೋಗಲಿಲ್ಲ. ಮೊಟ್ಟೆ ಎತ್ತಿದ್ದಕ್ಕೆ ಹಿತ್ತಲೆಲ್ಲ ಕೇಳುವಂತೆ ಕಿರುಚಾಡುತ್ತಿದ್ದ ದೊರೆಸಾನಿಗೆ ಕಾಳು ತಿನ್ನಿಸುವ ಪ್ರಯತ್ನದಲ್ಲಿದ್ದರು. ಅದು ತಿನ್ನಲಿಲ್ಲ.

ಕತ್ತಲ ಕೋಣೆಯಲ್ಲಿ ಅಯ್ಯನವರು ಮೊದಲ ಮೊಟ್ಟೆಯ ಹಿಂದೆ ಟಾರ್ಚು ಹಿಡಿದರು. ಮೊಟ್ಟೆ ಕೆಂಪಗೆ ಹೊಳೆಯಿತು. ಅದರ ನಟ್ಟನಡುವೆ, ಗುಂಡಗೆ, ಕಪ್ಪಗೆ, ಒಂದು ಚುಕ್ಕೆ.

ಎಲ್ಲರೂ ಮುಂದಕ್ಕೆ ಬಾಗಿದರು.

"ಕಂಡಿತಾ?" ಎಂದರು ಅಯ್ಯನವರು.

"ಕಂಡಿತು!" ಎಂದರು ಇನ್‌ಸ್ಪೆಕ್ಟರ್. "ಅಲ್ಲಾಡಿತು ಕಣ್ರೀ! ನಾನು ನೋಡಿದೆ!"

"ನಿಮ್ಮ ಕನ್ನಡಕ ಒರೆಸ್ಕೊಂಡು ನೋಡಿ, ಇನ್ನೂ ಚೆನ್ನಾಗಿ ಕಾಣತ್ತೆ."

ಇನ್‌ಸ್ಪೆಕ್ಟರ್ ಒರೆಸಿಕೊಂಡು ನೋಡಿ, ಇನ್ನೂ ಚೆನ್ನಾಗಿ ಕಾಣುತ್ತಿದೆ ಎಂದರು. ಎರಡನೆಯದರಲ್ಲೂ ಚುಕ್ಕೆ. ಮೂರನೆಯದರಲ್ಲೂ ಚುಕ್ಕೆ. ಟೀಚರಮ್ಮ ಪ್ರತಿ ಮೊಟ್ಟೆಗೂ ಮುಖ ಹತ್ತಿರ ತಂದು, ತಮ್ಮ ಕನ್ನಡಕದ ಮೂಲಕ ನಿಧಾನವಾಗಿ ಪರಿಶೀಲಿಸಿ, ಕೊನೆಗೆ ತೀರ್ಪು ಕೊಟ್ಟರು.

"ಎಲ್ಲ ಒಂದೇ ಜಾಗದಲ್ಲಿ, ಒಂದೇ ಅಳತೆಯಲ್ಲಿ ಇವೆಯಲ್ಲ ಅಯ್ಯನವರೇ! ಇಷ್ಟು ಶಿಸ್ತಿನ ಮಕ್ಕಳನ್ನ ನನ್ನ ಇಡೀ ಸರ್ವೀಸಿನಲ್ಲಿ ನೋಡಿರಲಿಲ್ಲ."

"ತಾಯಿ ಹೇಗೋ ಹಾಗೆ," ಎಂದರು ಅಯ್ಯನವರು ವಿನಯದಿಂದ.

ಹೊರಗೆ ಬಂದು ಅವರು ಬ್ಯಾಂಡ್ ಮಾಸ್ಟರನ ಮುಂದೆ ನಿಂತ ಠೀವಿಯನ್ನು ದೊರೆಸಾನಿ ನೋಡಿದ್ದರೆ ನಾಚಿಕೊಳ್ಳುತ್ತಿತ್ತು. "ಒಂದಲ್ಲ, ಎರಡಲ್ಲ, ಅಷ್ಟೂ ಹಿಡಿದಿವೆ! ಸರ್ಕಾರಿ ಅಧಿಕಾರಿ ಕಣ್ಣಾರೆ ಕಂಡಿದ್ದಾರೆ. ಈಗೇನಂತೀಯ?"

ಬ್ಯಾಂಡ್ ಮಾಸ್ಟರ್ ತಲೆ ಕೆರೆದುಕೊಂಡ. "ನಾನೂ ಕನ್ನಡಕ ಹಾಕ್ಕೋಬೇಕು ಅನ್ಸತ್ತೆ," ಎಂದಷ್ಟೇ ಹೇಳಿದ.

ಅಂದಿನಿಂದ ಬೀದಿಯಲ್ಲಿ ದೊರೆಸಾನಿಯ ಕೀರ್ತಿ ಹಬ್ಬಿತು. ಹುಂಜದ ನೆರವಿಲ್ಲದೆ ತಾಯಿಯಾಗಲಿರುವ ಕೋಳಿಯನ್ನು ನೋಡಲು ಜನ ಬಂದರು. ಅಯ್ಯನವರು ಬಂದವರಿಗೆಲ್ಲ ಗೂಡಿನ ಮುಂದೆ ನಿಂತು ವಿವರಿಸುತ್ತಿದ್ದರು. ಹೋಗುವವರು ದಾರಿಯಲ್ಲಿ ಅಂಗಡಿಗೂ ಹೊಕ್ಕು ಹೋಗುತ್ತಿದ್ದರು. ವ್ಯಾಪಾರ ಕುದುರಿತು. ಮರಿಗೆ ಬೇಡಿಕೆ ಎಷ್ಟಾಯಿತೆಂದರೆ, ಅಷ್ಟು ಮೊಟ್ಟೆ ಹೊಟ್ಟೆಯಡಿ ಸೇರಿಸಬೇಕಾದರೆ ದೊರೆಸಾನಿ ಹಾಸಿಗೆಯಷ್ಟು ಅಗಲ ಇರಬೇಕಾಗಿತ್ತು.

ಹೆಂಡತಿಗೆ ಮಾತ್ರ ಈ ಸಂಭ್ರಮ ಹಿಡಿಸಲಿಲ್ಲ.

"ತಿಂತಾ ಇಲ್ಲ ರೀ," ಎಂದರು ಒಂದು ಬೆಳಗ್ಗೆ. "ದಿನಕ್ಕೊಂದು ಸಲ ಎದ್ದು ನಾಲ್ಕು ಕಾಳು ಕುಕ್ಕಿ ಓಡಿಹೋಗಿ ಕೂರ್ತಾಳೆ. ಜುಟ್ಟು ನೋಡಿ, ಹೇಗೆ ಬಿಳಿಚ್ಕೊಂಡಿದೆ."

"ಕೆಂಪಗೇ ಇದೆಯಲ್ಲ!"

"ನಿಮಗೆ ಎಲ್ಲಿ ಕಾಣತ್ತೆ? ಮರಿ ಹೊರಗೆ ಬರೋ ತನಕ ಕಾವುಕೋಳಿ ಏಳಲ್ಲ. ಮರಿ ಬರೋದೇ ಇಲ್ಲ ಅಂದ್ರೆ ಕೂತಲ್ಲೇ ಒಣಗಿ ಹೋಗ್ತಾಳೆ. ನಿಮ್ಮ ಮಾನ ಉಳಿಸೋಕೆ ಆ ಬಡಪಾಯಿ ಸಾಯ್ಬೇಕಾ?"

"ಸಾಯೋ ಮಾತು ಯಾಕೆ ಬಂತು? ಚುಕ್ಕೆ ಕಂಡಿದೆ! ಇನ್‌ಸ್ಪೆಕ್ಟರ್ ನೋಡಿದ್ದಾರೆ! ಸ್ವಂತ ಗಂಡನ ಮಾತು ಬೇಡ, ಸರ್ಕಾರದ ಮಾತಾದ್ರೂ ನಂಬು!"

ಮೂರು ವಾರ ತುಂಬಿತು. ಮೊಟ್ಟೆ ಬಿರಿಯಲಿಲ್ಲ. ಅಯ್ಯನವರು ಒಳ್ಳೆಯ ತಳಿಗೆ ಸ್ವಲ್ಪ ತಡವಾಗುತ್ತದೆ ಎಂದರು. ಮತ್ತೂ ಕೆಲವು ದಿನ ಹೋಯಿತು. ಚಳಿ ಹೆಚ್ಚಾಗಿದೆ ಎಂದರು. ಆಮೇಲೆ ಬಿಸಿಲು ಹೆಚ್ಚಾಗಿದೆ ಎಂದರು. ಕೊನೆಗೆ ಕಿಟಕಿಯಲ್ಲಿ ನಿಂತು ನೋಡುವವರ ಕಣ್ಣು ತಾಗಿ ಮರಿಗಳು ಹೊರಗೆ ಬರಲು ಸಂಕೋಚ ಪಡುತ್ತಿವೆ ಎಂದರು. ಬ್ಯಾಂಡ್ ಮಾಸ್ಟರ್ ಕಿಟಕಿ ಮುಚ್ಚಿಕೊಂಡ. ಆಗಲೂ ಬರಲಿಲ್ಲ.

ಆ ಭಾನುವಾರ ಇನ್‌ಸ್ಪೆಕ್ಟರ್ ಬಿಳಿ ಅಂಗಿ ತೊಟ್ಟು, ಕೈಯಲ್ಲಿ ಬುಟ್ಟಿ ಹಿಡಿದೇ ಬಂದರು. ಹಿಂದೆ ಟೀಚರಮ್ಮ, ಅವರ ಕೈಯಲ್ಲೂ ಬುಟ್ಟಿ.

"ಎಲ್ರೀ ನನ್ನ ಒಂದು ಜೊತೆ ಮರಿ?"

"ಒಳಗಿವೆ ಸಾರ್. ಇವತ್ತೋ ನಾಳೆಯೋ."

"ಜೀವ ಇದೆಯೋ ಇಲ್ವೋ ನೋಡಿದ್ರಾ?" ಇನ್‌ಸ್ಪೆಕ್ಟರ್ ದೊರೆಸಾನಿಯ ಕೊಕ್ಕನ್ನು ಬುಟ್ಟಿಯಿಂದ ತಡೆದು, ಒಂದು ಮೊಟ್ಟೆ ಎತ್ತಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಮುಖ ಅರಳಿತು. "ಏನೋ ಕುಲುಕ್ತಾ ಇದೆ!"

"ಈಜ್ತಾ ಇದೆ ಸಾರ್," ಎಂದರು ಅಯ್ಯನವರು. "ಇನ್ನೊಂದು ಸಲ ಅಲ್ಲಾಡಿಸಿ, ಎಚ್ಚರ ಆಗ್ಲಿ."

ಇನ್‌ಸ್ಪೆಕ್ಟರ್ ಇನ್ನೊಂದು ಸಲ ಅಲ್ಲಾಡಿಸಿದರು. ಮೊಟ್ಟೆ ಪಟ್ಟೆಂದು ಸಿಡಿಯಿತು.

ಇಷ್ಟು ದಿನ ಕೋಳಿಯ ಹೊಟ್ಟೆಯಡಿ ಬೆಚ್ಚಗಿದ್ದ ಮೊಟ್ಟೆಯೊಳಗೆ ಏನು ಸಿದ್ಧವಾಗಿರುತ್ತದೆ ಎಂಬುದನ್ನು ಇಲ್ಲಿ ವರ್ಣಿಸುವುದು ಸಭ್ಯತೆಯಲ್ಲ. ಆ ನಾತಕ್ಕೆ ಟೀಚರಮ್ಮ ಬುಟ್ಟಿಯನ್ನೇ ಮುಖಕ್ಕೆ ಮುಚ್ಚಿಕೊಂಡು ಗೋಡೆಯ ಮೂಲೆಗೆ ಓಡಿದರು. ಉಳಿದ ಎರಡು ಕೋಳಿಗಳು ಗೂಡು ಬಿಟ್ಟು ಪರಾರಿಯಾದವು. ಇನ್‌ಸ್ಪೆಕ್ಟರ್ ಕಿವಿಯಿಂದ ಕಾಲರಿನವರೆಗೆ ಸೋರುತ್ತ, ಕಣ್ಣು ಮುಚ್ಚಿಕೊಂಡು ನಿಂತಿದ್ದರು. ಊರಿನ ಆರೋಗ್ಯವೆಲ್ಲ ಅವರ ಕೈಯಲ್ಲಿತ್ತು. ಅವರ ಅಂಗಿ ಯಾರ ಕೈಯಲ್ಲೂ ಇರಲಿಲ್ಲ.

ಮುಚ್ಚಿದ್ದ ಕಿಟಕಿ ತೆರೆಯಿತು. ಬ್ಯಾಂಡ್ ಮಾಸ್ಟರ್ ಮೂಗು ಹಿಡಿದುಕೊಂಡು ಕೆಳಗೆ ನೋಡಿದ. ಆಮೇಲೆ ಸುತ್ತಿ ಬರುವ ಗೋಜಿಗೆ ಹೋಗದೆ ಕಿಟಕಿಯಿಂದಲೇ ಕೈ ಚಾಚಿ, "ಒಂದು ಇತ್ತ ಕೊಡಿ ಅಮ್ಮ," ಎಂದ. ಅಯ್ಯನವರ ಹೆಂಡತಿ ಒಂದು ಮೊಟ್ಟೆಯನ್ನು ಬಲು ಹುಷಾರಾಗಿ ಎತ್ತಿ ಕೊಟ್ಟರು. ಅವನು ತಿರುಗಿಸಿ ನೋಡಿದ.

"ಇದೇನು ಸಾರ್, ಮೊಟ್ಟೆ ಮೇಲೆ ಚುಕ್ಕೆ?"

"ಮೇಲಲ್ಲ, ಒಳಗೆ! ಅದು ಮರಿ!"

ಬ್ಯಾಂಡ್ ಮಾಸ್ಟರ್ ಹೆಗಲಿನಿಂದ ತುತ್ತೂರಿ ಉಜ್ಜುವ ಬಟ್ಟೆ ತೆಗೆದ. ಅದು ಯಾವಾಗಲೂ ಸ್ಪಿರಿಟ್ಟಿನಲ್ಲಿ ನೆಂದಿರುತ್ತಿತ್ತು. ಮೊಟ್ಟೆಗೆ ಮೆಲ್ಲಗೆ ಒಂದು ಸುತ್ತು ಉಜ್ಜಿದ. ಮೊಟ್ಟೆಯನ್ನು ಎಲ್ಲರಿಗೂ ತೋರಿಸಿದ, ಬೆಳ್ಳಗಿತ್ತು. ಬಟ್ಟೆಯನ್ನೂ ತೋರಿಸಿದ, ಕಪ್ಪಾಗಿತ್ತು.

"ಮರಿ ಈಗ ನನ್ನ ಬಟ್ಟೆಗೆ ಬಂತು ಸಾರ್," ಎಂದ. "ಉಳಿದವನ್ನೂ ಒರೆಸ್ಲಾ?"

ಅಯ್ಯನವರ ಬಲಗೈ ತನಗೆ ತಾನೇ ಜೇಬಿನ ಮೇಲೆ ಹೋಯಿತು. ಪೆನ್ನು ಅಲ್ಲೇ ಇತ್ತು. ಬೇರೆ ಯಾರಾದರೂ ಆಗಿದ್ದರೆ ಆ ಕ್ಷಣ ಭೂಮಿ ಬಾಯಿ ಬಿಡಬಾರದೇ ಎಂದುಕೊಳ್ಳುತ್ತಿದ್ದರು. ಅಯ್ಯನವರು ಅಂಥವರಲ್ಲ. ತಪ್ಪು ತಮ್ಮದೆಂದು ಗೊತ್ತಾದಾಗಲೇ ಅವರಿಗೆ ನಿಜವಾದ ಸಿಟ್ಟು ಬರುವುದು.

"ನನ್ನದೇ ತಪ್ಪು ಅಂತೀರಾ?" ಎಂದು ಎಲ್ಲರ ಮೇಲೂ ಹರಿಹಾಯ್ದರು. "ನೀವೆಲ್ಲ ನೋಡ್ಲಿಲ್ವಾ? ಅಲ್ಲಾಡಿತು ಅಂದೋರು ಯಾರು? ಶಿಸ್ತಿನ ಮಕ್ಕಳು ಅಂದೋರು ಯಾರು? ಇಷ್ಟು ಜನ ಕಣ್ಣಿದ್ದೋರು ನಿಂತು ನೋಡಿ, ಶಾಯಿ ಯಾವುದು ಮರಿ ಯಾವುದು ಅಂತ ಗೊತ್ತಾಗ್ಲಿಲ್ವಾ ನಿಮಗೆ?"

ಆಡಬಾರದ ಮಾತು ಆಡಿಬಿಟ್ಟಿದ್ದರು. ಇನ್‌ಸ್ಪೆಕ್ಟರ್ ಮೆಲ್ಲಗೆ ಕಣ್ಣು ತೆರೆದರು. ಕನ್ನಡಕ ತೆಗೆದರು. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದು ನೀವು ಕೊಟ್ಟ ಕನ್ನಡಕ," ಎಂದರು. ದನಿ ತಣ್ಣಗಿತ್ತು. "ಇದನ್ನ ಹಾಕ್ಕೊಂಡೇ ನಾನು ಊರಿನ ಹೋಟೆಲುಗಳನ್ನೆಲ್ಲ ತಪಾಸಣೆ ಮಾಡಿದ್ದು. ಕ್ಲೀನಾಗಿದೆ ಅಂತ ಎಷ್ಟು ಅಡಿಗೆಮನೆಗೆ ಸರ್ಟಿಫಿಕೇಟ್ ಕೊಟ್ಟಿದ್ದೀನೋ!"

"ನಿಮ್ಮದು ಹೋಟೆಲು," ಎಂದರು ಟೀಚರಮ್ಮ ಬುಟ್ಟಿಯೊಳಗಿನಿಂದ, ನಡುಗುವ ದನಿಯಲ್ಲಿ. "ನಾನು ಇದನ್ನ ಹಾಕ್ಕೊಂಡೇ ಅಳಿಯನನ್ನ ನೋಡಿ ಒಪ್ಪಿದ್ದು!"

ಮರುದಿನ ಅಂಗಡಿಯ ಮುಂದೆ ಸಾಲು ನಿಂತಿತ್ತು. ಇದ್ದ ಮರಿಯನ್ನು ಕಾಣಿಸದ ಕನ್ನಡಕವಾದರೆ ಜನ ಸಹಿಸುತ್ತಿದ್ದರೇನೋ. ಇಲ್ಲದ ಮರಿಯನ್ನು ತೋರಿಸುವ ಕನ್ನಡಕವನ್ನು ಯಾರೂ ಮೂಗಿನ ಮೇಲೆ ಇಟ್ಟುಕೊಳ್ಳಲು ಸಿದ್ಧರಿರಲಿಲ್ಲ. ಒಬ್ಬ ತನ್ನ ಮನೆ ವಾಲಿಕೊಂಡಂತೆ ಕಾಣುತ್ತದೆ ಎಂದ. ಮನೆ ನಿಜವಾಗಿಯೂ ವಾಲಿತ್ತು, ಅವನು ಕೇಳುವಂತಿರಲಿಲ್ಲ. ಇನ್ನೊಬ್ಬ ಹೆಂಡತಿಯ ಅಡಿಗೆ ಬಾಯಿಗೆ ಹಿಡಿಸದಿದ್ದಕ್ಕೂ ಕನ್ನಡಕವೇ ಕಾರಣ ಎಂದ. ಅಯ್ಯನವರು ಒಬ್ಬೊಬ್ಬರಿಗೂ ಗೋಡೆಯ ಅಕ್ಷರ ತೋರಿಸಿ, "ಓದಿ, ಓದಿ! ಸರಿಯಾಗಿ ಕಾಣ್ತಾ ಇಲ್ವಾ?" ಎಂದು ಗಂಟಲು ಹರಿದುಕೊಂಡರು.

"ಕಾಣತ್ತೆ," ಎಂದರು ಅವರು. "ಆದ್ರೆ ಅಲ್ಲಿ ಅಕ್ಷರ ಇದೆ ಅನ್ನೋದಕ್ಕೆ ಏನು ಗ್ಯಾರಂಟಿ?"

ಮಧ್ಯಾಹ್ನ ಅಂಗಡಿಗೆ ಬಾಗಿಲು ಎಳೆದು ಮನೆಗೆ ಬಂದರು. ಹಿತ್ತಲಲ್ಲಿ ಹೆಂಡತಿ ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಕೆಟ್ಟ ಮೊಟ್ಟೆಗಳನ್ನೆಲ್ಲ ತೆಗೆದು ಗುಂಡಿ ತೋಡಿ ಹೂತಿದ್ದರು. ಆದರೂ ದೊರೆಸಾನಿ ಬರೀ ಹುಲ್ಲಿನ ಮೇಲೆ, ರೆಕ್ಕೆ ಅಗಲಿಸಿ, ಕೆಳಗೆ ಏನೋ ಇದೆಯೆಂಬಂತೆ ಜೋಪಾನವಾಗಿ ಕೂತಿತ್ತು.

ಅಯ್ಯನವರಿಗೆ ಬೆಳಗಿನಿಂದ ಕಟ್ಟಿದ್ದ ಕೋಪವೆಲ್ಲ ಉಕ್ಕಿತು. "ಬುದ್ಧಿ ಇಲ್ವೇನೇ ನಿನಗೆ? ಮೊಟ್ಟೆನೇ ಇಲ್ಲ! ಏನಂತ ಕೂತಿದ್ದೀಯ?"

"ಅವಳನ್ನ ಯಾಕೆ ಬೈತೀರಿ?" ಹೆಂಡತಿ ತಿರುಗಿದರು. ಕಣ್ಣು ಕೆಂಪಾಗಿತ್ತು. "ನೀವು ಕೂರಿಸಿದ್ರಿ, ಕೂತಳು. ಸುಳ್ಳು ಅಂತ ಅವಳಿಗೆ ಯಾರು ಹೇಳ್ಬೇಕು? ಮೊದಲೇ ಬೋನಿಗೆ ಹಾಕಿದ್ರೆ ನಾಲ್ಕು ದಿನಕ್ಕೆ ಎದ್ದುಬಿಡ್ತಿದ್ದಳು. ಈಗ ಎತ್ತಿ ಬೋನಿಗೆ ಹಾಕಿದ್ರೆ ತಡ್ಕೊಳೋ ಜೀವನಾ ಇದು? ಬನ್ನಿ, ಮುಟ್ಟಿ ನೋಡಿ."

ಅಯ್ಯನವರು ಕೈ ಹಾಕಿದರು. ದೊರೆಸಾನಿ ಕುಕ್ಕಲು ಕೊಕ್ಕು ಎತ್ತಿತು, ಆದರೆ ಅಷ್ಟಕ್ಕೂ ತ್ರಾಣವಿಲ್ಲದೆ ಇಳಿಸಿತು. ಗರಿಯೊಳಗೆ ಕೈಗೆ ಸಿಕ್ಕಿದ್ದು ಎದೆಯ ಮೂಳೆ ಮಾತ್ರ. ಅವರು ಕೈ ಹಿಂದೆಗೆದರು. ಆಮೇಲೆ ಜೇಬಿನಿಂದ, ಬೆಳಗ್ಗೆ ಯಾರೋ ವಾಪಸು ಎಸೆದು ಹೋಗಿದ್ದ ಕನ್ನಡಕವೊಂದನ್ನು ತೆಗೆದು, ಯಾರೂ ನೋಡದಿರಲಿ ಎಂದು ಆಚೆ ತಿರುಗಿ ಹಾಕಿಕೊಂಡು, ಈಚೆ ತಿರುಗಿದರು. ದೊರೆಸಾನಿಯ ಜುಟ್ಟು ಸುಣ್ಣ ಬಳಿದಂತಿತ್ತು.

"ಇಷ್ಟು ಬಿಳಿಚ್ಕೊಂಡಿದೆ ಅಂತ ನನಗೆ ಯಾರೂ ಹೇಳ್ಲಿಲ್ಲ!" ಎಂದು ಕೂಗಿದರು.

ಹೆಂಡತಿಗೆ ಹೇಳಬೇಕಾದದ್ದು ಬಹಳ ಇತ್ತು. ಅದನ್ನೆಲ್ಲ ಬಿಟ್ಟು, "ಸಂಜೆ ಮಬ್ಬಲ್ಲಿ, ಅವಳಿಗೆ ತಿಳಿಯದ ಹಾಗೆ, ಈಗಷ್ಟೇ ಹುಟ್ಟಿದ ಮರಿಗಳನ್ನ ಹೊಟ್ಟೆಯಡಿ ತಳ್ಳಿಬಿಟ್ರೆ ತನ್ನದೇ ಅಂತ ಎದ್ದು ಮೇಯಿಸ್ತಾಳೆ. ಉಳ್ಕೋತಾಳೆ," ಎಂದರು. "ಬ್ಯಾಂಡ್ ಮಾಸ್ಟರ್ ತಂಗಿ ಮನೇಲಿ ಮೊನ್ನೆ ಮರಿ ಆಗಿವೆಯಂತೆ."

ಯಾವ ಹುಂಜದ ಮರಿಗಳು ಎಂದು ಅಯ್ಯನವರು ಕೇಳಲಿಲ್ಲ. ಅಲ್ಲಿ ಇದ್ದದ್ದು ಒಂದೇ ಹುಂಜ.

ಅವರು ಪಕ್ಕದ ಮನೆಯ ಬಾಗಿಲು ತಟ್ಟಿದ ರೀತಿಯನ್ನು ನೋಡಿದವರು, ಜಗಳಕ್ಕೇ ಬಂದಿದ್ದಾರೆ ಎಂದುಕೊಳ್ಳಬೇಕು. "ನಡಿಯಯ್ಯ!" ಎಂದರು ಬಾಗಿಲು ತೆಗೆದ ಬ್ಯಾಂಡ್ ಮಾಸ್ಟರನಿಗೆ. "ನಿನ್ನ ತಂಗಿ ಮನೆ ತೋರ್ಸು. ನಾನು ಆಡಿದ ಮಾತಿಗೆ ತಪ್ಪೋನಲ್ಲ! ಏನು ನೋಡ್ತೀಯ? ನಗ್ಬೇಡ!"

ಬ್ಯಾಂಡ್ ಮಾಸ್ಟರ್ ನಗಲಿಲ್ಲ. ಅಯ್ಯನವರ ಮೂಗಿನ ಮೇಲಿದ್ದ ಕನ್ನಡಕವನ್ನೂ, ಅದರ ಹಿಂದಿನ ಕಣ್ಣುಗಳನ್ನೂ ನೋಡಿ, ಚಪ್ಪಲಿ ಮೆಟ್ಟಿಕೊಂಡ.

ತಂಗಿ ಒಳ್ಳೆಯವಳು. ಕೇಳಿದ್ದಕ್ಕಿಂತ ಹೆಚ್ಚೇ ಮರಿಗಳನ್ನು ಕೊಟ್ಟಳು. ಅಯ್ಯನವರು ಅವನ್ನು ಒಂದೊಂದಾಗಿ, ದಾರಿಯಲ್ಲಿ ಅಂಗಡಿಯಿಂದ ತಂದಿದ್ದ ಕನ್ನಡಕದ ಡಬ್ಬಿಗಳಲ್ಲಿ, ಗಾಜು ಒರೆಸುವ ಮೆತ್ತನೆ ಬಟ್ಟೆ ಹಾಸಿ, ಮುಚ್ಚಳ ಅರ್ಧ ತೆರೆದು ಇಟ್ಟುಕೊಂಡರು. ಜೇಬುಗಳೆಲ್ಲ ಚಿಂವ್ ಚಿಂವ್ ಎನ್ನುತ್ತಿದ್ದವು. ಆಮೇಲೆ ತಲೆಗೆ ಟವೆಲು ಸುತ್ತಿ, ವಿದ್ವಾನನ ಬುಟ್ಟಿಯನ್ನು ಅದರ ಮೇಲೆ ಇಡಿಸಿಕೊಂಡರು. ಊರಿನ ಆ ತುದಿಯಿಂದ ಈ ತುದಿಯವರೆಗೆ ನಡೆದುಕೊಂಡೇ ಬಂದರು. ವಿದ್ವಾನ್ ತಿರುವಿಗೊಮ್ಮೆ ಕೂಗಿ ಜನರನ್ನು ಬಾಗಿಲಿಗೆ ಕರೆಯಿತು. ಟೀಚರಮ್ಮ ಗೇಟಿನಲ್ಲಿ ನಿಂತು ನೋಡಿದರು, ಕನ್ನಡಕ ತೆಗೆದು ಇನ್ನೊಮ್ಮೆ ನೋಡಿದರು. ಎರಡು ಸಲವೂ ಅದೇ ಕಂಡಿತು. ಮರುದಿನದಿಂದ ಅವರು ಕನ್ನಡಕದ ಮೇಲೆ ಮತ್ತೆ ನಂಬಿಕೆ ಇಟ್ಟರೆಂದು, ಅವರನ್ನು ನೋಡಿ ಬೀದಿಯವರೂ ಇಟ್ಟರೆಂದು ಇಲ್ಲೇ ಹೇಳಿಬಿಡುತ್ತೇನೆ. ಅಳಿಯನ ವಿಷಯ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.

ಮಬ್ಬು ಕವಿದ ಮೇಲೆ ಅಯ್ಯನವರು ಗೂಡಿನೊಳಗೆ ಕೈ ಚಾಚಿ, ಒಂದೊಂದೇ ಮರಿಯನ್ನು ದೊರೆಸಾನಿಯ ಹೊಟ್ಟೆಯಡಿ ತಳ್ಳಿದರು. ಹೆಂಡತಿ ಡಬ್ಬಿಗಳನ್ನು ಒಂದೊಂದಾಗಿ ತೆರೆದು ಕೊಡುತ್ತಿದ್ದರು. ಬ್ಯಾಂಡ್ ಮಾಸ್ಟರ್ ಕಿಟಕಿಯಲ್ಲಿದ್ದ. ದೊರೆಸಾನಿ ಕತ್ತು ಕೊಂಕಿಸಿ ತನ್ನ ಕೆಳಗೆ ನೋಡಿಕೊಂಡಿತು. ಯಾರೂ ಇದುವರೆಗೆ ಕೇಳಿರದ ಸಣ್ಣ ದನಿಯಲ್ಲಿ ಕೊಕ್ ಕೊಕ್ ಎಂದಿತು. ಕೆಳಗಿನಿಂದ ಚಿಂವ್ ಎಂಬ ಉತ್ತರ ಬಂತು. ದೊರೆಸಾನಿ ರೆಕ್ಕೆ ಇನ್ನಷ್ಟು ಅಗಲಿಸಿ, ಕಡೆಯ ಮರಿಯನ್ನು ಒಳಗೆ ಬಿಟ್ಟ ಮೇಲೂ ಹಿಂದೆಗೆಯದಿದ್ದ ಅಯ್ಯನವರ ಕೈಗೆ, ಉಳಿದಿದ್ದ ಶಕ್ತಿಯನ್ನೆಲ್ಲ ಕೂಡಿಸಿ ಕುಕ್ಕಿತು.

"ಕುಕ್ಕಿತು ಕಣೇ!" ಎಂದರು ಅಯ್ಯನವರು. ಕನ್ನಡಕ ಮಂಜಾಗಿತ್ತು. ಒರೆಸಿಕೊಂಡು, ಈ ಗಾಜು ಸರಿಯಿಲ್ಲ ಎಂದು ಬೈದರು.

ಬೆಳಗ್ಗೆ ದೊರೆಸಾನಿ ಮರಿಗಳ ಸಮೇತ ಅಂಗಳಕ್ಕೆ ಇಳಿದು, ಬಟ್ಟಲು ಬರಿದಾಗುವಂತೆ ಕಾಳು ತಿಂದಿತು.

ವಾರ ಕಳೆಯುವುದರೊಳಗೆ ಹೆಲ್ತ್ ಇನ್‌ಸ್ಪೆಕ್ಟರ್ ಮತ್ತೆ ಹಿತ್ತಲಿಗೆ ಬಂದರು. ಈ ಸಲ ಕೈಯಲ್ಲಿ ಬುಟ್ಟಿ ಇರಲಿಲ್ಲ. ಮುಖ ಬಿಗಿದಿತ್ತು.

"ಅಯ್ಯನವರೇ, ನಿಮ್ಮ ಮೇಲೆ ಒಂದು ದೂರು ಬಂದಿದೆ."

"ನನ್ನ ಮೇಲಾ? ಏನಂತ?"

"ನಿಮ್ಮ ಗೂಡಲ್ಲಿರೋ ಹುಂಜ ಬೆಳಕಾಗೋ ಮುಂಚೆ ಕೂಗತ್ತಂತೆ. ಪಕ್ಕದೋರಿಗೆ ನಿದ್ದೆ ಇಲ್ಲವಂತೆ."

"ಯಾರ್ರೀ ಕೊಟ್ಟೋರು?"

ಇನ್‌ಸ್ಪೆಕ್ಟರ್ ಕಣ್ಣಲ್ಲೇ ಮೇಲೆ ತೋರಿಸಿದರು. ಗೂಡಿನ ನೆತ್ತಿಯ ಮೇಲಿನ ಕಿಟಕಿಯಲ್ಲಿ ಬ್ಯಾಂಡ್ ಮಾಸ್ಟರ್ ನಿಂತಿದ್ದ. ಕಣ್ಣು ಕೆಂಡದಂತಿತ್ತು, ತಲೆ ಕೆದರಿತ್ತು, ಎರಡೂ ಕಿವಿಯಲ್ಲಿ ಹತ್ತಿ ಇತ್ತು.

"ಬೆಳಗಿನ ನಿದ್ದೆ ಮನುಷ್ಯನ ಹಕ್ಕು ಸಾರ್!" ಎಂದು ಅವನು ಅಲ್ಲಿಂದಲೇ ಕೂಗಿದ.

ಅಯ್ಯನವರು ಎದೆಯುಬ್ಬಿಸಿ, ಗೂಡಿಗೂ ಸರ್ಕಾರಕ್ಕೂ ನಡುವೆ ಅಡ್ಡ ನಿಂತರು. ಇಷ್ಟು ಅನ್ಯಾಯವನ್ನು ಅವರು ಜನ್ಮದಲ್ಲೇ ಕಂಡಿರಲಿಲ್ಲ.

"ಅವನು ಸಾಧಕ ಮಾಡ್ತಾನೆ ಸಾರ್!" ಎಂದರು. "ಕಲೆ ಗೊತ್ತಿಲ್ಲದೋರಿಗೆ ಏನು ಹೇಳೋಣ?"